ಹೊಲದ ಅರ್ಧ ಪಾಲು ಖಾಲಿ ಜಾಗ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ರೈತರ ಹಣ ಎರಡು ದಾರಿಯಿಂದ ನೆಲಕ್ಕೆ ಇಳಿಯುತ್ತಿದೆ. ಒಂದು ಕೊಳವೆ ಬಾವಿ, ಇನ್ನೊಂದು ಟ್ರ್ಯಾಕ್ಟರಿನ ಬಾಡಿಗೆ. ಎರಡನ್ನೂ ರೈತ ಮಾಡುವುದು ನೀರಿನ ಆಸೆಯಿಂದ, ಬೆಳೆಯ ಆಸೆಯಿಂದ. ಆದರೆ ಕೊಳಕೂರದಂಥ ಎರಿ ಭೂಮಿಯ ಯಾವ ಊರಿಗೆ ಹೋದರೂ ಕಟ್ಟೆಯ ಮೇಲೆ ಎರಡು ಪ್ರಶ್ನೆಗಳು ಕೇಳಿಬರುತ್ತವೆ. ಪಕ್ಕದವನ ಬೋರಿನಲ್ಲಿ ಮೂರಿಂಚು ನೀರು ಬಂದಾಗ ನಮ್ಮ ಬೋರಿನಲ್ಲಿ ಬರೀ ಬೂದು ಬಣ್ಣದ ಧೂಳು ಹಾರಿದ್ದೇಕೆ? ಮುಂಗಾರಿನಲ್ಲಿ ಮೂರು ದಿನ ನೀರು ನಿಂತ ಹೊಲದಲ್ಲೇ ಹಿಂಗಾರಿಯ ಜೋಳ ತೆನೆ ಕಟ್ಟುವ ಮೊದಲೇ ಬಾಡಿದ್ದೇಕೆ?

ಓದುಗ ಬಾಂಧವರೇ, ಈ ಎರಡು ಪ್ರಶ್ನೆಗಳಿಗೂ ಬೇರು ಒಂದೇ. ಅದು ನೆಲದೊಳಗಿನ ಸಂದು. ಪುಸ್ತಕದವರು ಇದನ್ನು ಸರಂಧ್ರತೆ ಎನ್ನುತ್ತಾರೆ. ಒಂದು ವಸ್ತುವಿನ ಒಟ್ಟು ಗಾತ್ರದಲ್ಲಿ ಎಷ್ಟು ಪಾಲು ಖಾಲಿ ಜಾಗ ಇದೆ ಎಂಬ ಲೆಕ್ಕವೇ ಸರಂಧ್ರತೆ. ಮಾತು ದೊಡ್ಡದು, ಸಂಗತಿ ಮನೆಯೊಳಗಿನದೇ.

ಒಂದು ತಂಬಿಗೆಯಲ್ಲಿ ಕಂಠದವರೆಗೆ ಕಡಲೆ ತುಂಬಿರಿ. ತುಂಬಿತು ಎನ್ನುತ್ತೀರಿ. ಈಗ ಅದೇ ಅಳತೆಯ ಇನ್ನೊಂದು ತಂಬಿಗೆಯಿಂದ ಮೆಲ್ಲಗೆ ನೀರು ಸುರಿಯಿರಿ. ತಂಬಿಗೆಯ ಹತ್ತು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ನೀರು ಒಳಗೆ ಇಳಿಯುತ್ತದೆ. ಅಂದರೆ ತುಂಬಿದ ತಂಬಿಗೆಯಲ್ಲಿ ನೂರಕ್ಕೆ ನಲವತ್ತರಷ್ಟು ಜಾಗ ಖಾಲಿಯೇ ಇತ್ತು. ಕಡಲೆಯ ಬದಲು ಜೋಳ ಹಾಕಿ, ನವಣೆ ಹಾಕಿ. ಕಾಳು ಸಣ್ಣದಾದರೂ ಖಾಲಿ ಜಾಗದ ಪಾಲು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಇದನ್ನು ಮೊದಲ ಸಲ ಕೇಳಿದವರು ನಂಬುವುದಿಲ್ಲ, ಮಾಡಿ ನೋಡಿದವರು ನಂಬುತ್ತಾರೆ. ಆದರೆ ಕಡಲೆಯ ತಂಬಿಗೆಗೇ ನವಣೆ ಸುರಿದು ಅಲುಗಾಡಿಸಿದರೆ ದೊಡ್ಡ ಕಾಳಿನ ಸಂದುಗಳಲ್ಲಿ ಸಣ್ಣ ಕಾಳು ಹೋಗಿ ಕೂಡುತ್ತದೆ. ಆಗ ಖಾಲಿ ಜಾಗ ಬಹಳ ಕಡಿಮೆಯಾಗುತ್ತದೆ. ದಪ್ಪ ಮತ್ತು ಸಣ್ಣ ಕಣಗಳು ಬೆರೆತ ಗರಸನ್ನು ರಸ್ತೆಗೆ ಹಾಕಿ ಬಡಿಯುವುದು ಇದೇ ಕಾರಣಕ್ಕೆ.

ಈಗ ಎರಡನೆಯ ಪರೀಕ್ಷೆ. ಇದೇ ಹೆಚ್ಚು ಮುಖ್ಯ. ನೀರು ತುಂಬಿದ ಕಡಲೆಯ ತಂಬಿಗೆಯ ಬಾಯಿಗೆ ಅರಿವೆ ಕಟ್ಟಿ ಬಗ್ಗಿಸಿರಿ. ಹೆಚ್ಚುಪಾಲು ನೀರು ಹೊರಗೆ ಬರುತ್ತದೆ. ನವಣೆಯದನ್ನು ಬಗ್ಗಿಸಿದರೆ ಒಂದಿಷ್ಟು ಒಳಗೇ ಉಳಿಯುತ್ತದೆ. ಜೋಳದ ಹಿಟ್ಟಿಗೆ ನೀರು ಹಾಕಿ ಬಗ್ಗಿಸಿದರೆ? ಒಂದು ಹನಿ ಬರುವುದಿಲ್ಲ. ಹಿಟ್ಟಿನಲ್ಲಿ ಸಂದು ಕಡಿಮೆ ಇರಲಿಲ್ಲ, ಆದರೆ ಒಂದೊಂದು ಸಂದೂ ತೀರ ಸಣ್ಣದು. ಸಣ್ಣ ಸಂದು ನೀರನ್ನು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ಆದ್ದರಿಂದ ಒಳಗೆ ಎಷ್ಟು ಖಾಲಿ ಜಾಗ ಇದೆ ಎಂಬುದು ಒಂದು ಪ್ರಶ್ನೆ. ಆ ಜಾಗ ದೊಡ್ಡದೋ ಸಣ್ಣದೋ, ಒಂದು ಸಂದಿನಿಂದ ಇನ್ನೊಂದಕ್ಕೆ ದಾರಿ ಇದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದು ಸರಂಧ್ರತೆ, ಎರಡನೆಯದು ನೀರು ಹಾಯಗೊಡುವ ಗುಣ. ಫ್ರಾನ್ಸಿನ ದಿಜೋಂ ಪಟ್ಟಣಕ್ಕೆ ನೀರು ಪೂರೈಸಿದ ಇಂಜಿನಿಯರ್ ಆನ್ರಿ ಡಾರ್ಸಿ 1856ರಲ್ಲಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ ಈ ಎರಡನೆಯ ಗುಣಕ್ಕೆ ಲೆಕ್ಕ ಕಟ್ಟಿಕೊಟ್ಟರು. ಜಗತ್ತಿನ ಅಂತರ್ಜಲ ಇಲಾಖೆಗಳೆಲ್ಲ ಇಂದಿಗೂ ಅದೇ ಲೆಕ್ಕದ ಮೇಲೆ ನಡೆಯುತ್ತವೆ.

ಮಣ್ಣಿನ ಕೊಡದ ಹೊರಮೈ ಬೇಸಿಗೆಯಲ್ಲಿ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಗೆ ಜಿನುಗಿ, ಆರಿ, ಒಳಗಿನ ನೀರನ್ನು ತಣ್ಣಗೆ ಇಡುತ್ತದೆ. ಒಳ್ಳೆಯ ಇಟ್ಟಿಗೆಯೂ ತನ್ನ ತೂಕದ ಐದನೆಯ ಒಂದು ಪಾಲಿನವರೆಗೆ ನೀರು ಕುಡಿಯಬಲ್ಲದು. ಗೌಂಡಿ ಅದನ್ನು ಮೊದಲೇ ನೆನೆಹಾಕುವುದು, ಗಾರೆಯ ನೀರನ್ನು ಅದು ಹೀರಿಕೊಳ್ಳದಿರಲೆಂದು. ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲು ಇದಕ್ಕೆ ವಿರುದ್ಧ. ಸುಣ್ಣದ ಅಂಶದ ಆ ಫರಸಿ ನೀರು ಕುಡಿಯುವುದು ಬಹಳ ಕಡಿಮೆ. ಅದಕ್ಕೇ ಅಡುಗೆಮನೆಯ ನೆಲಕ್ಕೂ ಬಚ್ಚಲಿಗೂ ಅದು ಯೋಗ್ಯ. ಆದರೆ ಅದೇ ಕಲ್ಲು ನೆಲದೊಳಗೆ ಪದರು ಪದರಾಗಿ, ಬಿರುಕು ಬಿಟ್ಟು ಕೂತಾಗ ಪದರುಗಳ ನಡುವೆ ನೀರು ಸಾಗುತ್ತದೆ. ಕಲ್ಲಿನಲ್ಲಿ ನೀರಿಲ್ಲ, ಕಲ್ಲುಗಳ ನಡುವೆ ಇದೆ.

ಬೋರಿನ ಮಾತಿಗೆ ಬರೋಣ. ಆಳಂದ, ಅಫಜಲಪುರಗಳ ಬಹುಪಾಲು ನೆಲದ ಅಡಿಯಲ್ಲೂ ಜೇವರ್ಗಿಯ ಕೆಲವು ಭಾಗದಲ್ಲೂ ಇರುವುದು ಕರಿಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಬಾಯಿ ಬಿಟ್ಟು, ಕಾದ ಲಾವಾ ಹರಿದು, ಒಂದು ಹರಿವಿನ ಮೇಲೆ ಇನ್ನೊಂದು ಹರಿವು ಆರಿ ಕೂತು ಆದ ಕಲ್ಲು ಇದು. ದೋಸೆಯ ಮೇಲೆ ದೋಸೆ ಒಟ್ಟಿದಂತೆ ಎಂದು ತಿಳಿಯಿರಿ. ಪ್ರತಿ ಹರಿವಿನ ಮೇಲ್ಭಾಗದಲ್ಲಿ ಗಾಳಿಯ ಗುಳ್ಳೆಗಳು ಉಳಿದು ಕಲ್ಲು ತೂತು ತೂತಾಗಿರುತ್ತದೆ, ನಡುಭಾಗ ಗಟ್ಟಿ. ಆ ಗಟ್ಟಿ ಭಾಗದಲ್ಲಿ ಬಿರುಕಿದ್ದರೆ ಮಾತ್ರ ನೀರು. ತೂತಿನ ಕಲ್ಲು ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ. ಎಷ್ಟೋ ಕಡೆ ಆ ತೂತುಗಳಲ್ಲಿ ಬಿಳಿಯ ಹರಳಿನಂಥ ಖನಿಜ ತುಂಬಿಕೊಂಡಿರುತ್ತದೆ, ಇಲ್ಲವೇ ಒಂದು ತೂತಿಗೂ ಇನ್ನೊಂದಕ್ಕೂ ದಾರಿಯೇ ಇರುವುದಿಲ್ಲ. ಬಾಗಿಲಿಲ್ಲದ ನೂರು ಕೋಣೆಗಳ ಮನೆಯಂತೆ. ಎರಡು ಹರಿವುಗಳ ನಡುವೆ ಕೆಂಪು ಮಣ್ಣಿನ ತೆಳು ಪದರು ಸಿಗುವುದೂ ಉಂಟು. ಬೋರಿನಿಂದ ಕೆಂಪು ರಾಡಿ ಬಂದಾಗ ನೀರು ಬಂತೆಂದು ಕೆಲವರು ಕಾಯಿ ಒಡೆಯುತ್ತಾರೆ. ಅದು ಜಿಗುಟಾದ ಮಣ್ಣು, ನೀರನ್ನು ಸುಲಭವಾಗಿ ಬಿಡುವಂಥದಲ್ಲ.

ಇದಕ್ಕೆ ಅಂಕಿ ಕೊಟ್ಟರೆ ತಿಳಿಯುವುದು ಸುಲಭ. ಕೇಂದ್ರದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಒಂದೊಂದು ನೆಲಕ್ಕೂ ಒಂದೊಂದು ಪ್ರಮಾಣ ಗೊತ್ತುಮಾಡಿತು. ನೆಲ ನೀರಿನಿಂದ ತುಂಬಿದ್ದಾಗ ಬಾವಿಗೆ ಅದು ಬಿಟ್ಟುಕೊಡುವ ಪಾಲು ಎಷ್ಟು ಎಂಬ ಲೆಕ್ಕ ಅದು. ನದಿಯ ಮರಳು ನೆಲವಾದರೆ ನೂರಕ್ಕೆ 16. ಜಂಬಿಟ್ಟಿಗೆ ಕಲ್ಲಾದರೆ ಎರಡೂವರೆ. ನಮ್ಮ ಕರಿಕಲ್ಲು ಸವೆದು ಶಿಥಿಲವಾಗಿದ್ದರೂ, ತೂತು ಬಿರುಕುಗಳಿದ್ದರೂ ನೂರಕ್ಕೆ 2. ಸುಣ್ಣದ ಕಲ್ಲಿಗೂ 2. ಗಟ್ಟಿ ಕರಿಕಲ್ಲಿನ ಮಾತು ಆಡುವುದೇ ಬೇಡ.

ಈ ಅಂಕಿಗಳನ್ನು ನೋಡುವಾಗ ಭೀಮೆಯ ಮರಳಿನ ನೆನಪಾಗದೆ ಇರದು. ಕರಿಕಲ್ಲಿಗಿಂತ ಎಂಟು ಪಾಲು ಹೆಚ್ಚು ನೀರು ಕೊಡುವ ಪಾತ್ರೆಯನ್ನು ನಿಸರ್ಗ ನಮ್ಮ ದಂಡೆಯಲ್ಲೇ ಇಟ್ಟಿತ್ತು. ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಳೆಯ ಪಾತ್ರದಿಂದ ಅದು ಲಾರಿಗಟ್ಟಲೆ ಹೊರಟುಹೋಗಿದೆ. ಮರಳು ಮಾರಿದವನಿಗೆ ಸಿಕ್ಕಿದ್ದು ಮರಳಿನ ಬೆಲೆ. ದಂಡೆಯ ಬಾವಿಗಳು ಕಳೆದುಕೊಂಡದ್ದು ಸಂದುಗಳನ್ನು, ಅವಕ್ಕೆ ಯಾರೂ ಬೆಲೆ ಕಟ್ಟಿಲ್ಲ.

ನೆಲದ ಸಂದನ್ನು ಓದಿ ನಡೆದವರೂ ನಮ್ಮ ಸೀಮೆಯಲ್ಲೇ ಇದ್ದರು. ನೆರೆಯ ಬೀದರಿನ ಎತ್ತರದ ನೆಲ ಕೆಂಪು ಜಂಬಿಟ್ಟಿಗೆ ಕಲ್ಲಿನದು; ಅದರ ಕೆಳಗೆ ಇದೇ ಕರಿಕಲ್ಲು. ಮಳೆಯ ನೀರು ಮೇಲಿನ ಕಲ್ಲಿನೊಳಗೆ ಇಳಿದು ಕೆಳಗಿನ ಗಟ್ಟಿ ಕಲ್ಲಿನ ಮೇಲೆ ತಡೆದು ನಿಲ್ಲುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಆ ನೀರನ್ನು ಊರಿಗೆ ಹರಿಸಲು ನೆಲದೊಳಗೆ ಸುರಂಗ ತೋಡಿದರು. ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಇಂದಿಗೂ ನೋಡಲು ಸಿಗುತ್ತದೆ. ಅಲ್ಲಿ ಆ ಉಪಾಯ ಸಾಧ್ಯವಾದದ್ದು ಕಲ್ಲಿನ ಗುಣದಿಂದ. ನಮ್ಮ ಎರಿ ಸೀಮೆಯಲ್ಲಿ ಅದನ್ನೇ ಮಾಡಹೊರಟರೆ ಆಗದು.

ಇಷ್ಟೆಲ್ಲ ಹೇಳಿದ್ದು ಬೋರು ಕೊರೆಸಬೇಡಿ ಎನ್ನಲು ಅಲ್ಲ. ಕುಡಿಯುವ ನೀರಿಗೆ, ದನಕರುಗಳಿಗೆ ಅದು ಬೇಕಾದೀತು. ಆದರೆ ಮೊದಲನೆಯ ಬೋರು ಕೈಕೊಟ್ಟಿತೆಂದು ಅದೇ ಹೊಲದಲ್ಲಿ ಸಾಲ ಮಾಡಿ ಎರಡನೆಯದು, ಮೂರನೆಯದು ಕೊರೆಸುವ ಮುನ್ನ ಅಂತರ್ಜಲ ಇಲಾಖೆಯ ಜಿಲ್ಲಾ ಕಚೇರಿಯ ಭೂವಿಜ್ಞಾನಿಯನ್ನು ಕೇಳಿರಿ. ಅಂಗೈಯ ಮೇಲೆ ತೆಂಗಿನಕಾಯಿ ನಿಲ್ಲಿಸಿ ನೀರು ತೋರಿಸುವವರು ಎಲ್ಲ ಊರುಗಳಲ್ಲಿ ಇದ್ದಾರೆ. ಕಾಯಿ ಎದ್ದು ನಿಲ್ಲಬಹುದು; ಕೆಳಗಿನ ಕಲ್ಲಿನ ಸಂದು ಎಷ್ಟು ಎಂದು ಅದು ಹೇಳಲಾರದು. ಹಳೆಯ ತೆರೆದ ಬಾವಿ ಇದ್ದವರು ಅದರ ಹೂಳು ತೆಗೆಸುವುದು ಎಷ್ಟೋ ಸಲ ಹೊಸ ಬೋರಿಗಿಂತ ಲಾಭದ ಕೆಲಸ. ಕರಿಕಲ್ಲಿನ ನೀರು ಬಹಳವಾಗಿ ಇರುವುದು ಮೇಲಿನ ಸವೆದ ಪದರಿನಲ್ಲಿ. ಅಗಲ ಬಾವಿಯ ನಾಲ್ಕೂ ಗೋಡೆಗಳು ಆ ಪದರನ್ನು ಹಿಂಡುತ್ತವೆ, ಆರಿಂಚಿನ ಬೋರು ಅಷ್ಟು ಹಿಂಡಲಾರದು.

ಇನ್ನು ಒಂದು ಸಣ್ಣ ಗುಣಾಕಾರ. ಒಂದು ಎಕರೆ ಹೊಲದ ಕೆಳಗೆ ಹತ್ತು ಮೀಟರ್, ಅಂದರೆ 33 ಅಡಿ ದಪ್ಪದ ಸವೆದ ಕರಿಕಲ್ಲು ನೀರಿನಿಂದ ತುಂಬಿದೆ ಎನ್ನಿ. ನೂರಕ್ಕೆ ಎರಡರಂತೆ ಅದು ಬಿಟ್ಟುಕೊಡುವ ನೀರು ಸುಮಾರು 8 ಲಕ್ಷ ಲೀಟರ್. ಅದೂ ನಿಮಗೊಬ್ಬರಿಗೇ ಮೀಸಲಲ್ಲ, ಸುತ್ತಲಿನ ಬೋರುಗಳೆಲ್ಲ ಅದಕ್ಕೇ ಬಾಯಿ ಹಚ್ಚಿರುತ್ತವೆ. ಈಗ ಅದೇ ಎಕರೆಯ ಮೇಲಿನ ಒಂದೇ ಒಂದು ಅಡಿ ಮಣ್ಣನ್ನು ನೋಡಿರಿ. ಅದರ ಗಾತ್ರ 12 ಲಕ್ಷ 33 ಸಾವಿರ ಲೀಟರ್. ಒಳ್ಳೆಯ ಹದದ ಎರಿ ಮಣ್ಣಿನಲ್ಲಿ ಅರ್ಧ ಪಾಲು ಸಂದು. ಅಂದರೆ ನಿಮ್ಮ ಕಾಲ ಕೆಳಗಿನ ಒಂದಡಿಯಲ್ಲಿ 6 ಲಕ್ಷ ಲೀಟರಿಗೂ ಮಿಕ್ಕಿದ ಖಾಲಿ ಜಾಗ ಇದೆ! ಅದರಲ್ಲಿ ನಿಂತ ನೀರನ್ನು ಪಂಪಿನಿಂದ ಎತ್ತಲಾಗದು, ಎಲ್ಲವೂ ಬೆಳೆಗೆ ದಕ್ಕುವುದೂ ಇಲ್ಲ, ನಿಜ. ಆದರೆ ಬೇರಿಗೆ ಪಂಪು ಬೇಡ, ಕರೆಂಟೂ ಬೇಡ. ಮೇಲಾಗಿ ಅದು ನಿಮ್ಮದೇ ಪಾತ್ರೆ, ನೆರೆಯವನು ಅದರಿಂದ ಎತ್ತಲಾರ. ಕಲ್ಲಿನ ಸಂದನ್ನು ಹೆಚ್ಚಿಸುವುದು ಯಾರ ಕೈಯಲ್ಲೂ ಇಲ್ಲ. ಮಣ್ಣಿನ ಸಂದು ಕೆಡುವುದೂ ಉಳಿಯುವುದೂ ರೈತನ ಕೈಯಲ್ಲೇ ಇದೆ.

ಎರಿ ಮಣ್ಣಿನ ಸ್ವಭಾವವೇ ವಿಚಿತ್ರ. ಆಳವಾದ ಎರಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಜೇಡಿ ಕಣಗಳಿರುವುದು ಸಾಮಾನ್ಯ. ಒಂದು ಮಿಲಿಮೀಟರನ್ನು ಐನೂರು ಹೋಳು ಮಾಡಿದರೆ ಒಂದು ಹೋಳಿಗಿಂತಲೂ ಸಣ್ಣ ಕಣ ಅದು. ಕಣ ಸಣ್ಣದಾದ್ದರಿಂದ ಸಂದೂ ಸಣ್ಣದು, ಹಿಟ್ಟಿನ ತಂಬಿಗೆಯ ಹಾಗೆ. ಅದರ ಮೇಲೆ ಈ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳನ್ನು ನೀವು ಕಂಡವರೇ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಗಟಗಟನೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ.

ಹೈದರಾಬಾದಿನ ಬಳಿ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು 1970ರ ದಶಕದಲ್ಲಿ ತಮ್ಮ ಎರಿ ಹೊಲಗಳಲ್ಲಿ ಇದನ್ನು ಅಳೆದು ನೋಡಿದರು. ಮೊದಲ ಅರ್ಧ ತಾಸಿನಲ್ಲಿ ತಾಸಿಗೆ 75 ಮಿಲಿಮೀಟರಿನ ವೇಗದಲ್ಲಿ ನೀರು ಇಂಗಿತು. ಎರಡನೆಯ ತಾಸಿಗೆ ಅದು 4 ಮಿಲಿಮೀಟರಿಗೆ ಇಳಿಯಿತು. ಆರು ದಿನ ನೆನೆದ ಮೇಲೆ ತಾಸಿಗೆ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು! ಅದೇ ಸಂಸ್ಥೆಯ ಕೆಂಪು ಮಣ್ಣಿನ ಹೊಲ ಅಷ್ಟೇ ನೆನೆದ ಮೇಲೂ ತಾಸಿಗೆ ಏಳು ಮಿಲಿಮೀಟರಿಗೂ ಹೆಚ್ಚು ಕುಡಿಯುತ್ತಿತ್ತು. ಮಳೆ ನಿಂತು ದಿನಗಳಾದರೂ ಎರಿ ಹೊಲದಲ್ಲಿ ನೀರು ಏಕೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಈ ದೋಷವೇ ಎರಿಯ ಗುಣವೂ ಹೌದು. ಒಮ್ಮೆ ಒಳಗೆ ಹೋದ ನೀರನ್ನು ಅದು ಸುಲಭವಾಗಿ ಬಿಡುವುದಿಲ್ಲ. ಒಂದು ಮೀಟರ್ ಆಳದ ಎರಿ ಬೆಳೆಗೆ ದಕ್ಕುವ 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲದು. ಸೆಪ್ಟೆಂಬರ್, ಅಕ್ಟೋಬರಿನ ಮಳೆ ಕುಡಿದ ಹೊಲದಲ್ಲಿ ಮತ್ತೆ ಹನಿ ಬೀಳದಿದ್ದರೂ ಬಿಳಿಜೋಳ, ಕಡಲೆ, ಕುಸುಬೆ ಬರುವುದು ಈ ಸಣ್ಣ ಸಂದುಗಳ ದಯದಿಂದ. ಮಡ್ಡಿಯ ಗರಸು ನೆಲಕ್ಕೆ ಆ ಭಾಗ್ಯ ಇಲ್ಲ. ಕೃಷಿ ಹೊಂಡ ತೋಡಿದವರಿಗೂ ಇದರಿಂದ ಅನುಕೂಲ: ಎರಿಯಲ್ಲಿ ತೋಡಿದ ಹೊಂಡದ ತಳ ನೆನೆದು ಉಬ್ಬಿದ ಮೇಲೆ ಸೋರುವುದು ಬಹಳ ಕಡಿಮೆ. ಹೊಂಡ ಪೂರಾ ಒಣಗಿ ತಳ ಬಿರಿದರೆ ಮಾತ್ರ ಮುಂದಿನ ವರ್ಷದ ಮೊದಲ ನೀರು ಬಿರುಕಿನ ಪಾಲು.

ಹಾಗಾದರೆ ಎರಿಯಲ್ಲಿ ಕೊರತೆ ಯಾವುದು? ದೊಡ್ಡ ಸಂದುಗಳದು. ಸಣ್ಣ ಸಂದು ನೀರನ್ನು ಕಾಯುತ್ತದೆ. ದೊಡ್ಡ ಸಂದು ನೀರನ್ನು ಒಳಗೆ ಬಿಡುತ್ತದೆ, ನೀರು ಇಳಿದ ಮೇಲೆ ಗಾಳಿಗೆ ಜಾಗ ಕೊಡುತ್ತದೆ. ಬೇರಿಗೂ ಉಸಿರು ಬೇಕು ಎಂಬುದನ್ನು ನಾವು ಮರೆಯುತ್ತೇವೆ. ಮಣ್ಣಿನ ಗಾತ್ರದಲ್ಲಿ ನೂರಕ್ಕೆ ಹತ್ತು ಪಾಲಾದರೂ ಗಾಳಿ ಇರಬೇಕೆಂದು ಬೇಸಾಯ ವಿಜ್ಞಾನಿಗಳ ಲೆಕ್ಕ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕ ಬೇರಿಗೆ ತಲುಪುವ ವೇಗ ಸುಮಾರು ಹತ್ತು ಸಾವಿರ ಪಾಲು ಕುಗ್ಗುತ್ತದೆ. ಇದರ ಪೆಟ್ಟು ಮೊದಲು ಬೀಳುವುದು ತೊಗರಿಗೆ.

ತೊಗರಿಯ ಕಣಜ ಎಂದು ಹೆಸರಾದ, 2019ರಲ್ಲಿ ತನ್ನ ಬೇಳೆಗೆ ಭೌಗೋಳಿಕ ಗುರುತು ಪಡೆದ ಜಿಲ್ಲೆ ನಮ್ಮದು. 2022ರ ಹಂಗಾಮಿನಲ್ಲಿ ಇದೇ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಿದ್ದು ನಿಂತ ಬೆಳೆ ಒಣಗಿದ್ದನ್ನು ಯಾರೂ ಮರೆತಿಲ್ಲ. ನೆಟೆ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ರೋಗ. ಅದಕ್ಕೆ ಟಿ.ಎಸ್. 3 ಆರ್‌ನಂಥ ರೋಗ ತಡೆಯುವ ತಳಿ, ಬೀಜೋಪಚಾರ, ಬೆಳೆ ಬದಲಾವಣೆ ಬೇಕೇ ಬೇಕು. ಸಂದಿನ ಮಾತು ಅವುಗಳ ಬದಲಿ ಆಗದು. ಆದರೆ ತೊಗರಿಗೆ ತಗಲುವ ಬೇರೊಂದು ಶಿಲೀಂಧ್ರ, ಕಾಂಡ ಸುಟ್ಟಂತಾಗಿ ಗಿಡ ಮುರಿಯುವ ರೋಗದ್ದು, ನೀರು ನಿಂತ ಹೊಲದಲ್ಲೇ ಹೆಚ್ಚು ಬೆಳೆಯುತ್ತದೆ. ಉಸಿರು ಕಟ್ಟಿದ ಬೇರು ಯಾವ ರೋಗಕ್ಕೂ ಸುಲಭದ ತುತ್ತು. ಆದ್ದರಿಂದ ಮುಂಗಾರಿನ ತೊಗರಿ ಹೊಲದಲ್ಲಿ ಅಗಲವಾದ ಏರುಮಡಿ ಮಾಡಿ, ನಡುನಡುವೆ ಸಾಲು ತೆಗೆದು, ಹೆಚ್ಚಾದ ನೀರು ಮೆಲ್ಲನೆ ಹೊರಹೋಗುವ ದಾರಿ ಬಿಡಬೇಕು. ಹಿಂಗಾರಿಯ ಜೋಳಕ್ಕೆ ಬಿಟ್ಟ ಹೊಲದಲ್ಲಿ ಇದಕ್ಕೆ ತಿರುಗುಮುರುಗಾಗಿ ಚೌಕುಮಡಿ ಕಟ್ಟಿ ಬಿದ್ದಲ್ಲೇ ನೀರು ನಿಲ್ಲಿಸಬೇಕು. ಒಂದೇ ಊರು, ಒಂದೇ ಮಣ್ಣು, ಎರಡು ಬೆಳೆಗೆ ಎರಡು ಉಪಾಯ.

ಈಗ ಟ್ರ್ಯಾಕ್ಟರಿನ ವಿಷಯ. ಇದನ್ನು ಬರೆಯುವಾಗ ಕೆಲವರು ಮುನಿಯುವರೆಂದು ಗೊತ್ತಿದೆ. ಎತ್ತು ಸಾಕುವುದು ದುಬಾರಿ, ಆಳು ಸಿಗುವುದಿಲ್ಲ, ಬಾಡಿಗೆ ಗಾಡಿ ಇಂದು ಬಿಟ್ಟರೆ ಮತ್ತೆ ವಾರ ಬರುವುದಿಲ್ಲ. ಈ ಕಷ್ಟಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಹೇಳಲೇಬೇಕು: ಹಸಿ ಎರಿಗೆ ಟ್ರ್ಯಾಕ್ಟರ್ ಇಳಿಸುವುದು ನಮ್ಮ ನೀರಿನ ಪಾತ್ರೆಯನ್ನು ನಾವೇ ಜಜ್ಜಿದಂತೆ. ಹಸಿ ಮಣ್ಣಿನ ಮೇಲೆ ಭಾರ ಬಿದ್ದಾಗ ಮೊದಲು ಕುಸಿಯುವುದು ದೊಡ್ಡ ಸಂದುಗಳೇ. ಅವೇ ತಾನೇ ನಮ್ಮಲ್ಲಿ ಕಡಿಮೆ ಇರುವುದು? ಹಾನಿಯ ದೊಡ್ಡ ಪಾಲು ಗಾಲಿ ಮೊದಲ ಸಲ ಹಾದಾಗಲೇ ಆಗಿಹೋಗುತ್ತದೆ. ಒಂದಡಿ ಮಣ್ಣಿನ ಸಂದು ನೂರಕ್ಕೆ 50ರಿಂದ 45ಕ್ಕೆ ಇಳಿದರೆ ಎಕರೆಗೆ ಕಳೆದುಕೊಂಡ ಜಾಗ ಸುಮಾರು 61 ಸಾವಿರ ಲೀಟರ್. ಐದು ಸಾವಿರ ಲೀಟರಿನ ಹನ್ನೆರಡು ಟ್ಯಾಂಕರ್! ಎತ್ತಿನ ಗೊರಸೂ ನೆಲ ತುಳಿಯುತ್ತದೆ ಎಂದು ವಾದಿಸುವವರುಂಟು. ಸರಿಯೇ. ಆದರೆ ಅದು ಅಲ್ಲೊಂದು ಇಲ್ಲೊಂದು ಹೆಜ್ಜೆ. ಗಾಲಿಯದು ಹೊಲದ ಈ ತುದಿಯಿಂದ ಆ ತುದಿಯವರೆಗೆ ಬಿಡದ ಪಟ್ಟಿ, ಭಾರವೂ ಹೆಚ್ಚು ಆಳಕ್ಕೆ ಇಳಿಯುತ್ತದೆ.

ರೋಟವೇಟರಿನ ಮೋಹವೂ ಹೆಚ್ಚಾಗಿದೆ. ಹೊಲ ರೊಟ್ಟಿಯ ಹಿಟ್ಟಿನಂತೆ ನುಣ್ಣಗಾದದ್ದನ್ನು ನೋಡಿ ಕಣ್ಣಿಗೆ ತೃಪ್ತಿಯಾಗುತ್ತದೆ. ಆದರೆ ಹೆಂಟೆಗಳ ನಡುವಿನ ಸಂದು ಹೋಗಿ ಮೊದಲ ಜೋರು ಮಳೆಗೇ ಮೇಲ್ಪದರ ಹೆಪ್ಪುಗಟ್ಟುತ್ತದೆ. ಸದಾ ಅದೇ ಆಳಕ್ಕೆ ಓಡಿಸುವುದರಿಂದ ನಾಲ್ಕೈದು ಅಂಗುಲದ ಕೆಳಗೆ ಒಂದು ಗಟ್ಟಿ ಹಾಸು ಬೀಳುತ್ತದೆ. ಹದ ಇರುವಾಗ ಚೂಪಾದ ಕಬ್ಬಿಣದ ಸಲಾಕೆಯನ್ನು ಕೈಯಿಂದ ಚುಚ್ಚಿ ನೋಡಿರಿ. ಸರಾಗವಾಗಿ ಹೋಗುತ್ತಿದ್ದದ್ದು ಎಲ್ಲಿ ತಡೆಯುತ್ತದೆಯೋ ಅಲ್ಲೇ ಹಾಸು ಇದೆ.

ಹಾಗಾದರೆ ಹೊಲಕ್ಕೆ ಯಾವಾಗ ಇಳಿಯಬೇಕು? ರಂಟೆಯ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಶಾವಿಗೆ ಹೊಸೆದಂತೆ ಅಂಗೈಗಳ ನಡುವೆ ಹೊಸೆಯಿರಿ. ಎಳೆಯಾಗಿ ಬಂದರೆ ಇನ್ನೂ ಹಸಿ, ತಿರುಗಿ ಮನೆಗೆ ಹೋಗಿರಿ. ಎಳೆಯಾಗದೆ ಪುಡಿಪುಡಿಯಾದರೆ ಹದ. ಇದಕ್ಕೆ ಯಾವ ಯಂತ್ರವೂ ಬೇಡ.

ಕೆಟ್ಟದ್ದು ಸುಧಾರಿಸುವುದೇ ಇಲ್ಲವೇ? ಸುಧಾರಿಸುತ್ತದೆ. ಈ ವಿಷಯದಲ್ಲಿ ಎರಿ ಉದಾರಿ. ಬೇಸಿಗೆಯಲ್ಲಿ ಒಣಗಿ ಬಿರಿಯುವಾಗ, ಮಳೆಯಲ್ಲಿ ಉಬ್ಬುವಾಗ ಅದು ತನ್ನ ಸಂದುಗಳನ್ನು ತಾನೇ ಒಂದಿಷ್ಟು ತೆರೆದುಕೊಳ್ಳುತ್ತದೆ. ತೊಗರಿಯ ತಾಯಿಬೇರು ಆಳಕ್ಕೆ ಹೋಗಿ ಕೊಳೆತ ಮೇಲೆ ಅದರ ದಾರಿ ಉಳಿಯುತ್ತದೆ. ಮುಂದಿನ ಬೆಳೆಯ ಬೇರೂ ನೀರೂ ಆ ದಾರಿ ಹಿಡಿಯುತ್ತವೆ. ಎರೆಹುಳದ ಬಿಲವೂ ಹಾಗೆಯೇ. ತಿಪ್ಪೆಗೊಬ್ಬರ ಜೇಡಿಯ ಕಣಗಳನ್ನು ಹರಳುಗಳಾಗಿ ಕೂಡಿಸುತ್ತದೆ, ಹರಳುಗಳ ನಡುವೆ ದೊಡ್ಡ ಸಂದು ಹುಟ್ಟುತ್ತದೆ. ಜೋಳ ನಿಂತಾಗ ಬಿರುಕು ಬೀಳತೊಡಗಿದರೆ ಎಡೆಕುಂಟೆ ಹೊಡೆದು ಬಾಯಿ ಮುಚ್ಚಬೇಕು, ಏಕೆಂದರೆ ಆಗ ಅದೇ ಬಿರುಕು ಆಳದ ತೇವ ಹೊರಗೆ ಹಾರುವ ದಾರಿ. ಜೂನಿನಲ್ಲಿ ಬೇಕಾದ ಬಿರುಕು ಡಿಸೆಂಬರಿನಲ್ಲಿ ಬೇಡ.

ಇನ್ನೊಂದು ಅಪಾಯದ ಗುರುತು ನಮ್ಮ ಹಿರಿಯರ ಮನೆಗಳ ಮೇಲೆಯೇ ಇದೆ. ಮಣ್ಣಿನ ಮಾಳಿಗೆ ಸೋರದಿರಲೆಂದು ಅವರು ಮೇಲೆ ಹಾಕುತ್ತಿದ್ದದ್ದು ಸವುಳು ಮಣ್ಣು. ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ, ಸಂದುಗಳಲ್ಲೆಲ್ಲ ಕೂತು ಮುಚ್ಚಿಬಿಡುತ್ತವೆ. ಮಳೆ ಒಳಗೆ ಇಳಿಯುವುದಿಲ್ಲ. ಮಾಳಿಗೆಗೆ ವರವಾದ ಇದೇ ಗುಣ ಹೊಲಕ್ಕೆ ಬಂದರೆ ಶಾಪ. ಕೃಷ್ಣಾ ಮೇಲ್ದಂಡೆ ಯೋಜನೆಯ ಜೇವರ್ಗಿ ಶಾಖಾ ಕಾಲುವೆಯ ಕೆಳಗೆ, ಭೀಮೆಯ ಏತ ನೀರಾವರಿಯ ಕೆಳಗೆ ಹೊಲ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಬಸಿಗಾಲುವೆ ಇಲ್ಲದೆ ಎರಿಗೆ ಮೇಲಿಂದ ಮೇಲೆ ನೀರು ಕಟ್ಟಿದರೆ ಸವುಳು, ಜವುಳು ತಪ್ಪಿದ್ದಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಸೋಡಿಯಂ ಹೆಚ್ಚಿದ್ದರೆ ಹೇಳಿದ ಪ್ರಮಾಣದ ಜಿಪ್ಸಂ ಹಾಕಿರಿ. ಜಿಪ್ಸಮ್ಮಿನ ಸುಣ್ಣದ ಅಂಶ ಸೋಡಿಯಮ್ಮನ್ನು ತಳ್ಳಿ ಕಣಗಳನ್ನು ಮತ್ತೆ ಕೂಡಿಸುತ್ತದೆ. ಆದರೆ ತಳ್ಳಿದ ಸೋಡಿಯಂ ಹೊರಹೋಗಲು ಬಸಿಗಾಲುವೆ ಬೇಕು, ಇಲ್ಲವಾದರೆ ಜಿಪ್ಸಮ್ಮಿನ ಹಣವೂ ದಂಡ.

ನಿಮ್ಮ ಹೊಲದ ಸಂದು ಎಷ್ಟು ಎಂದು ನೀವೇ ಅಳೆಯಬಹುದು. ಹತ್ತು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರದ ತಗಡಿನ ಡಬ್ಬಿಯ ಎರಡೂ ಮುಚ್ಚಳ ತೆಗೆದು ಬಳೆಯಂತೆ ಮಾಡಿರಿ. ಹದವಿದ್ದಾಗ ಅದನ್ನು ನೆಟ್ಟಗೆ ಮಣ್ಣಿಗೆ ಒತ್ತಿ, ಸುತ್ತ ಅಗೆದು, ಅಂಚಿಗೆ ಸರಿಯಾಗಿ ಕೊಯ್ದು ಎತ್ತಿರಿ. ಒಳಗಿನ ಮಣ್ಣನ್ನು ಪುಡಿ ಮಾಡಿ, ಹಂಚಿನ ಮೇಲೆ ತೇವ ಪೂರಾ ಹೋಗುವಂತೆ ಹುರಿದು ತೂಗಿರಿ. ಸಂದೇ ಇಲ್ಲದ ಘನ ವಸ್ತುವಾಗಿದ್ದರೆ ಅದು 2 ಕಿಲೋ 80 ಗ್ರಾಂ ತೂಗಬೇಕಿತ್ತು. 1 ಕಿಲೋ 40 ಗ್ರಾಂ ಬಂದರೆ ಅರ್ಧಕ್ಕರ್ಧ ಸಂದು, ಚಿಂತೆಯಿಲ್ಲ. ಒಂದೂಕಾಲು ಕಿಲೋ ಬಂದರೆ ಸಂದು ನೂರಕ್ಕೆ ನಲವತ್ತಕ್ಕೆ ಇಳಿದಿದೆ ಎಂದು ತಿಳಿಯಿರಿ. ಇದನ್ನು ಮೂರು ಕಡೆ ಮಾಡಿರಿ: ಗಾಲಿ ತಗಲದ ಬದುವಿನ ಬಳಿ, ಹೊಲದ ನಡುವೆ, ಟ್ರ್ಯಾಕ್ಟರ್ ತಿರುಗುವ ತುದಿಯಲ್ಲಿ. ಮೂರೂ ತೂಕಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಮೂರು ಜಾಗಗಳ ಮಣ್ಣನ್ನು ಮತ್ತೆ ತೂಗಿರಿ.